ಅಡ್ರಿನಾಲಿನ್ ರಿಸೆಪ್ಟರ್ ಪದಕ: ಮನೆಯಲ್ಲಿ ತಂತಿಯಿಂದ, ನಗರ್ತಪೇಟೆಯಲ್ಲಿ ಬೆಳ್ಳಿಯಿಂದ

ಡಿಎನ್‌ಎ ಓಲೆ ಈಗ ಅಪರೂಪವಲ್ಲ, ಆನ್‌ಲೈನಿನಲ್ಲಿ ಬೇಕಾದಷ್ಟು ಸಿಗುತ್ತದೆ. ಒಂದು ಜೋಡಿ ಕೈಗೆ ಸಿಕ್ಕಾಗ ಹತ್ತಿರದಿಂದ ನೋಡಿ. ಎಷ್ಟೋ ಜೋಡಿಗಳಲ್ಲಿ ಒಂದು ಓಲೆಯ ಸುರುಳಿ ಬಲಸುತ್ತು, ಇನ್ನೊಂದರದು ಎಡಸುತ್ತು. ಒಡವೆ ಮಾಡುವವರ ಲೆಕ್ಕದಲ್ಲಿ ಅದು ಸರಿ. ಜೋಡಿ ಅಂದಮೇಲೆ ಒಂದು ಇನ್ನೊಂದರ ಕನ್ನಡಿ ಬಿಂಬ ಆಗಿರಬೇಕು ಅಲ್ವಾ? ಆದರೆ ನಮ್ಮ ಜೀವಕೋಶದ ಡಿಎನ್‌ಎ ಸಾಮಾನ್ಯವಾಗಿ ಬಲಕ್ಕೇ ಸುತ್ತುತ್ತದೆ. ಅಂದರೆ ಆ ಜೋಡಿಯಲ್ಲಿ ಅರ್ಧ ತಪ್ಪು.

ವಿಜ್ಞಾನದ ಒಡವೆ ಮಾಡುವಾಗ ಬರುವ ತಕರಾರೆಲ್ಲ ಇಂಥವೇ. ಯಾವುದನ್ನು ನಮ್ಮ ಇಷ್ಟಕ್ಕೆ ಬದಲಾಯಿಸಬಹುದು, ಯಾವುದನ್ನು ಮುಟ್ಟಬಾರದು ಅನ್ನೋದು ಮೊದಲೇ ಗೊತ್ತಿದ್ದರೆ ಉಳಿದದ್ದು ಕೈಕೆಲಸ. ಈ ಲೇಖನದಲ್ಲಿ ಡಿಎನ್‌ಎ ಬಿಟ್ಟು, ಅದಕ್ಕಿಂತ ಚೆಂದದ ಇನ್ನೊಂದನ್ನು ಹಿಡಿಯೋಣ. ಜೀವಕೋಶದ ಪೊರೆಯಲ್ಲಿ ಕೂತು, ಹೊರಗಿನಿಂದ ಬಂದ ಸುದ್ದಿಯನ್ನು ಒಳಗೆ ಮುಟ್ಟಿಸುವ ಪ್ರೋಟೀನು, ಅಂದರೆ ರಿಸೆಪ್ಟರು. ಅದನ್ನು ಮನೆಯಲ್ಲೇ ತಾಮ್ರದ ತಂತಿಯಲ್ಲಿ ಮಾಡುವುದು ಹೇಗೆ, ಬೆಂಗಳೂರಿನ ನಗರ್ತಪೇಟೆಯಲ್ಲಿ ಬೆಳ್ಳಿಯ ಎರಕ ಹೊಯ್ಯಿಸುವುದು ಹೇಗೆ, ಎರಡನ್ನೂ ಹೇಳುತ್ತೇನೆ.

ಯಾವ ರಿಸೆಪ್ಟರ್?

ನನ್ನ ಆಯ್ಕೆ ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್. ಹೆಸರು ಉದ್ದ, ಪರಿಚಯ ಮಾತ್ರ ಹಳೆಯದು. ಬೆಂಗಳೂರಿನ ಚಳಿಗಾಲದ ಧೂಳಿಗೆ ಎದೆ ಬಿಗಿದು ಸಾಲ್ಬುಟಮಾಲ್ ಪಂಪು ಎಳೆದುಕೊಂಡವರು ಎಷ್ಟು ಜನ ಇಲ್ಲ! ಆ ಔಷಧಿ ಹೋಗಿ ಕೂರುವುದು ಶ್ವಾಸನಾಳದ ಸ್ನಾಯುಗಳಲ್ಲಿರುವ ಇದೇ ರಿಸೆಪ್ಟರಿನಲ್ಲಿ. ಕೂತೊಡನೆ ಒಳಗೆ ಸುದ್ದಿ ಹೋಗುತ್ತದೆ, ಸ್ನಾಯು ಸಡಿಲವಾಗುತ್ತದೆ, ಉಸಿರು ಸರಾಗ. ಹೆದರಿದಾಗ ನಮ್ಮ ದೇಹವೇ ಸುರಿಸುವ ಅಡ್ರಿನಾಲಿನ್ ಕೂರುವುದೂ ಇಲ್ಲೇ.

ಇದರ ಸ್ಪಷ್ಟ ರಚನೆ ಗೊತ್ತಾಗಿದ್ದು 2007ರಲ್ಲಿ. ಈ ಜಾತಿಯ ರಿಸೆಪ್ಟರುಗಳ ಮೇಲಿನ ಕೆಲಸಕ್ಕೆ ರಾಬರ್ಟ್ ಲೆಫ್‌ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂತು. ಒಡವೆಗೆ ಬೇಕಾದ ಗುಣವೂ ಇದಕ್ಕಿದೆ. ಒಂದೇ ಎಳೆ, ಪೊರೆಯನ್ನು ಏಳು ಸಲ ದಾಟುತ್ತದೆ. ದಾಟುವಾಗೆಲ್ಲ ಸುರುಳಿ. ಏಳು ಸುರುಳಿಗಳ ಗೊಂಚಲು, ಮಧ್ಯೆ ಒಂದು ಸಣ್ಣ ಗೂಡು. ಆ ಗೂಡಿಗೆ ಒಂದು ಕಲ್ಲು ಕೂರಿಸಿದರೆ ಪದಕ ತಾನೇ ಸಿದ್ಧ.

ಬೇರೆ ರಿಸೆಪ್ಟರ್ ಬೇಕು ಅನ್ನುವವರಿಗೆ ಎರಡು ಸಲಹೆ. ಖಾರ ತಿಂದಾಗ ನಾಲಿಗೆ ಉರಿಸುವ ಟಿಆರ್‌ಪಿವಿ1 ಇದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ, ಸುಮಾರು 43 ಡಿಗ್ರಿ ಮೀರಿದ ಬಿಸಿಗೂ ಅದೇ ಬಾಗಿಲು ತೆರೆಯುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರ ವೈದ್ಯಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ನಾಲ್ಕು ಒಂದೇ ಥರದ ತುಂಡು ಸೇರಿ ಆಗಿರುವುದರಿಂದ ಮೇಲಿನಿಂದ ನೋಡಿದರೆ ನಾಲ್ಕೆಸಳಿನ ರಂಗೋಲಿಯಂತೆ ಕಾಣುತ್ತದೆ. ಚಪ್ಪಟೆಯಾಗಿ ಮಾಡಿದರೆ ಕಿವಿಗೆ ಒತ್ತುವ ಓಲೆಗೆ ಹೇಳಿ ಮಾಡಿಸಿದ್ದು. ಇನ್ನೊಂದು, ನರ ಮತ್ತು ಸ್ನಾಯುವಿನ ನಡುವಿನ ಅಸಿಟೈಲ್‌ಕೋಲಿನ್ ರಿಸೆಪ್ಟರ್. ಅದು ಐದು ತುಂಡಿನದು, ನಡುವೆ ತೂತು. ಉಂಗುರದ ತಲೆಗೆ ಚೆನ್ನಾಗಿ ಒಪ್ಪುತ್ತದೆ. ಮುಂದೆ ಹೇಳುವ ವಿಧಾನ ಇವಕ್ಕೂ ಹೊಂದುತ್ತದೆ. ನಾನು ಬೀಟಾ-2 ಹಿಡಿದುಕೊಂಡೇ ಹೋಗುತ್ತೇನೆ.

ಮುಟ್ಟಬಾರದ್ದು

ಗಾತ್ರ ನಿಮ್ಮಿಷ್ಟ. ದಪ್ಪ ನಿಮ್ಮಿಷ್ಟ. ಲೋಹ, ಬಣ್ಣ, ಕಲ್ಲು ಎಲ್ಲ ನಿಮ್ಮಿಷ್ಟ. ತುದಿಗಳಲ್ಲಿ ನೇತಾಡುವ ಸಡಿಲ ಎಳೆಗಳನ್ನು ಕತ್ತರಿಸಿದರೂ ಯಾರೂ ಕೇಳುವುದಿಲ್ಲ.

ಸುತ್ತು ಮಾತ್ರ ಬಲಸುತ್ತೇ ಆಗಬೇಕು. ಪ್ರೋಟೀನಿನ ಈ ಸುರುಳಿ, ಅಂದರೆ ಆಲ್ಫಾ ಸುರುಳಿ, ಬಲಕ್ಕೆ ಸುತ್ತುವುದು ಸುಮ್ನೆ ಅಲ್ಲ. ಪ್ರೋಟೀನಿನ ಎಳೆಯಲ್ಲಿ ಮಣಿಗಳಂತೆ ಪೋಣಿಸಿರುವ ನಮ್ಮ ಅಮೈನೋ ಆಮ್ಲಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಕೈಯವು, ಎಡಕ್ಕೆ ಸುತ್ತಿದರೆ ಪರಮಾಣುಗಳು ಒಂದಕ್ಕೊಂದು ಇಕ್ಕಟ್ಟಾಗುತ್ತವೆ. ಎಳೆ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಆಗದು ಎಂಬುದನ್ನು 1963ರಲ್ಲಿ ಒಂದೇ ನಕ್ಷೆಯಲ್ಲಿ ತೋರಿಸಿಕೊಟ್ಟವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು. ಅದೇ ರಾಮಚಂದ್ರನ್ 1971ರಲ್ಲಿ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಈ ಊರಿನಲ್ಲಿ ಕೂತು ಎಡಸುತ್ತಿನ ಆಲ್ಫಾ ಸುರುಳಿ ಮಾಡಿ ಕೊರಳಿಗೆ ಹಾಕಿಕೊಂಡರೆ ಚೆನ್ನಾಗಿರುವುದಿಲ್ಲ.

ಬಲಸುತ್ತು ಹೌದೋ ಅಲ್ಲವೋ ನೋಡಲು ಸುಲಭ ದಾರಿ: ಮನೆಯಲ್ಲಿರುವ ಯಾವುದಾದರೂ ಮಾಮೂಲಿ ಸ್ಕ್ರೂ ಪಕ್ಕದಲ್ಲಿ ಹಿಡಿಯಿರಿ. ಸ್ಕ್ರೂವಿನ ಮರೆ (ಮೈಮೇಲಿನ ಸುತ್ತುಗೆರೆ) ಮತ್ತು ನಿಮ್ಮ ಸುರುಳಿ ಒಂದೇ ಕಡೆಗೆ ವಾಲಿದ್ದರೆ ಸರಿ. ತಲೆಕೆಳಗೆ ಹಿಡಿದರೂ ಉತ್ತರ ಬದಲಾಗುವುದಿಲ್ಲ. ಬಲಸುತ್ತು ಯಾವ ಕಡೆಯಿಂದ ನೋಡಿದರೂ ಬಲಸುತ್ತೇ.

ಇನ್ನು ಮೇಲು-ಕೆಳಗು. ಎಳೆಯ ಮೊದಲ ತುದಿ ಜೀವಕೋಶದ ಹೊರಗಿರುತ್ತದೆ, ಕೊನೆಯ ತುದಿ ಒಳಗೆ. ಪದಕದಲ್ಲಿ ಹೊರಗಿನ ಭಾಗ ಮೇಲಿರಲಿ, ಜೀವಶಾಸ್ತ್ರದ ಪುಸ್ತಕಗಳಲ್ಲಿ ಬರೆಯುವುದೂ ಹಾಗೇ. ಕಲ್ಲಿನ ಗೂಡು ತೆರೆದುಕೊಳ್ಳುವುದೂ ಮೇಲಕ್ಕೇ. ಮತ್ತೆ, ಮೇಲಿನಿಂದ ನೋಡಿದಾಗ ಒಂದರಿಂದ ಏಳರವರೆಗಿನ ಸುರುಳಿಗಳು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸಾಲಾಗಿ ಬರಬೇಕು. ಇಷ್ಟು ಸರಿಯಿದ್ದರೆ ಗೊತ್ತಿದ್ದವರು ನೋಡಿದ ತಕ್ಷಣ ಹೆಸರು ಹೇಳುತ್ತಾರೆ.

ತಂತಿ ಪದಕ

ಬೇಕಾದ್ದು: 0.8 ಮಿ.ಮೀ. ದಪ್ಪದ ಮೆತ್ತನೆ ತಾಮ್ರದ ತಂತಿ ಒಂದು ಮೀಟರ್, ಕಟ್ಟಲು ಕೂದಲೆಳೆಯ ತಂತಿ ಸ್ವಲ್ಪ, ಉಂಗುರಕ್ಕೆ 1.2 ಮಿ.ಮೀ. ತಂತಿ ಒಂದು ಗೇಣು, 2.5 ಮಿ.ಮೀ.ನ ಹೆಣಿಗೆ ಕಡ್ಡಿ, ಚೂಪು ಮೂತಿಯ ಇಕ್ಕಳ, ತಂತಿ ಕತ್ತರಿಸುವ ಕಟ್ಟರ್, ಮತ್ತು 6 ಮಿ.ಮೀ. ಉದ್ದದ ಒಂದು ಕೆಂಪು ಮಣಿ.

ತಾಮ್ರದ ತಂತಿಗೆ ಎಸ್.ಪಿ. ರೋಡ್ ಸಾಕು. ಮೋಟರ್ ವೈಂಡಿಂಗ್ ತಂತಿ ಮಾರುವ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಅದರ ಮೇಲೆ ತೆಳು ಎನಾಮಲ್ ಪದರ ಇರುತ್ತದೆ. ಇದ್ದರೆ ಒಳ್ಳೆಯದೇ, ಬೆವರಿಗೆ ತಾಮ್ರ ಹಸಿರಾಗುವುದು ತಡವಾಗುತ್ತದೆ. ಕೇಳುವಾಗ ಗೇಜ್ ಹೇಳಬೇಡಿ, ಮಿ.ಮೀ. ಹೇಳಿ. ಅಮೆರಿಕದ ಲೆಕ್ಕದ 20 ಗೇಜ್ ಅಂದರೆ 0.81 ಮಿ.ಮೀ. ನಮ್ಮ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಬ್ರಿಟಿಷ್ ಲೆಕ್ಕದ 20 ಗೇಜ್ ಅಂದರೆ 0.91. ವಿದೇಶಿ ವಿಡಿಯೋ ನೋಡಿಕೊಂಡು ಹೋಗಿ ‘20 ಗೇಜ್ ಕೊಡಿ’ ಅಂದರೆ ದಪ್ಪ ತಂತಿ ಬರುತ್ತದೆ, ಬೆರಳು ನೋಯುತ್ತದೆ. ಮಣಿಗೆ ಮಾಮೂಲ್‌ಪೇಟೆ, ಚಿಕ್ಕಪೇಟೆ ಕಡೆಯ ಫ್ಯಾನ್ಸಿ ಸಾಮಾನಿನ ಅಂಗಡಿಗಳಿವೆ. ಒಂದೇ ಮಣಿ ಕೊಡುವುದಿಲ್ಲ, ಒಂದು ಸರವನ್ನೇ ತಗೋಬೇಕಾಗಬಹುದು.

1. ಮೊದಲು ಬಾಲ ಬಿಡಿ. ತಂತಿಯ ತುದಿಯಲ್ಲಿ 3 ಸೆಂ.ಮೀ. ಹಾಗೇ ಇರಲಿ. ಇದು ಎಳೆಯ ಮೊದಲ ತುದಿ, ಮೇಲಿನ ಕಡೆ ಉಳಿಯುತ್ತದೆ.

2. ಕಡ್ಡಿಗೆ ತಂತಿಯನ್ನು ಒತ್ತೊತ್ತಾಗಿ ಏಳು ಸುತ್ತು ಸುತ್ತಿ. ಏಳು ಸುತ್ತು ಯಾಕೆ ಅಂದರೆ ಆಲ್ಫಾ ಸುರುಳಿಯ ಒಂದು ಸುತ್ತಿಗೆ 3.6 ಅಮೈನೋ ಆಮ್ಲ ಹಿಡಿಯುತ್ತದೆ, ಪೊರೆ ದಾಟಲು ಸುಮಾರು 25 ಬೇಕು. ಮೊದಲ ಸುರುಳಿ ಆದ ತಕ್ಷಣ ಸ್ಕ್ರೂ ಪರೀಕ್ಷೆ ಮಾಡಿ. ಇಲ್ಲೇ ತಪ್ಪಿದರೆ ಮುಂದಿನ ಆರೂ ತಪ್ಪುತ್ತವೆ.

3. ಕಡ್ಡಿಯಿಂದ ಜಾರಿಸಿ ತೆಗೆದು, ಎರಡೂ ತುದಿ ಹಿಡಿದು ನಿಧಾನ ಎಳೆಯಿರಿ. ಒಂದು ಸುತ್ತಿನಿಂದ ಇನ್ನೊಂದಕ್ಕೆ 4 ಮಿ.ಮೀ. ಅಂತರ ಬರಬೇಕು, ಒಟ್ಟು ಉದ್ದ 28 ಮಿ.ಮೀ. ಈ ಅಂತರಕ್ಕೂ ಲೆಕ್ಕವಿದೆ. ನಿಜವಾದ ಸುರುಳಿಯಲ್ಲಿ ಸುತ್ತಿನ ಏರು 5.4 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿ.ಮೀ.ನ ಕೋಟಿಯಲ್ಲಿ ಒಂದು ಪಾಲು), ಎಳೆಯ ಬೆನ್ನಿನ ಅಗಲ ಸುಮಾರು 4.6. ನಿಮ್ಮ ಕಡ್ಡಿ ಮತ್ತು ತಂತಿ ಸೇರಿ 3.3 ಮಿ.ಮೀ. ಅಗಲ ಬರುವುದರಿಂದ ಏರು 4 ಮಿ.ಮೀ. ಹತ್ತಿರ ಬರುತ್ತದೆ. ಅಂದರೆ ನೀವು ನಿಜದ ಸುಮಾರು 70 ಲಕ್ಷ ಪಟ್ಟು ದೊಡ್ಡದು ಮಾಡುತ್ತಿದ್ದೀರಿ. ಜಾಸ್ತಿ ಎಳೆದರೆ ಸುರುಳಿ ನೆಟ್ಟಗಾಗಿ ರೂಪವೇ ಹೋಗುತ್ತದೆ. ಕಡಿಮೆ ಎಳೆದರೆ ಪೆನ್ನಿನ ಸ್ಪ್ರಿಂಗು.

4. ಈಗ ಕೆಳಗಡೆ ಒಂದೂವರೆ ಸೆಂ.ಮೀ. ತಂತಿಯನ್ನು ಬಾಗಿಸಿ ಕುಣಿಕೆ ಮಾಡಿ, ಎರಡನೇ ಸುರುಳಿ ಶುರು ಮಾಡಿ. ಇದು ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಎಲ್ಲರಿಗೂ ಕೈ ತಪ್ಪುವ ಜಾಗ ಇದೇ. ದಿಕ್ಕು ತಿರುಗಿತಲ್ಲ ಅಂತ ಕೈ ತಾನಾಗಿಯೇ ಸುತ್ತನ್ನೂ ತಿರುಗಿಸಿಬಿಡುತ್ತದೆ. ಹಾಗಾಗಬಾರದು. ಮೇಲೆ ಹೋದರೂ ಕೆಳಗೆ ಬಂದರೂ ಬಲಸುತ್ತೇ. ಪ್ರತಿ ಸುರುಳಿಗೂ ಸ್ಕ್ರೂ ಪಕ್ಕದಲ್ಲಿಟ್ಟು ನೋಡಿ.

5. ಹೀಗೆ ಏಳೂ ಮುಗಿಸಿ. ಮೇಲೆ ಮೂರು ಕುಣಿಕೆ, ಕೆಳಗೆ ಮೂರು ಕುಣಿಕೆ ಬರುತ್ತವೆ. ನಾಲ್ಕು ಮತ್ತು ಐದರ ನಡುವೆ ಮೇಲೆ ಬರುವ ಕುಣಿಕೆ, ಐದು ಮತ್ತು ಆರರ ನಡುವೆ ಕೆಳಗೆ ಬರುವ ಕುಣಿಕೆ ಉಳಿದವಕ್ಕಿಂತ ದೊಡ್ಡದಿರಲಿ, ನಿಜದಲ್ಲೂ ಅವು ದೊಡ್ಡವು. ಏಳನೆಯದು ಕೆಳಗೆ ಬಂದಮೇಲೆ ತಂತಿಯನ್ನು ಅಡ್ಡಕ್ಕೆ ತಿರುಗಿಸಿ ಎರಡು-ಮೂರು ಸುತ್ತಿನ ಪುಟ್ಟ ಸುರುಳಿ ಮಾಡಿ ನಿಲ್ಲಿಸಿ. ಅದು ಪೊರೆಗೆ ಒರಗಿ ಮಲಗುವ ಎಂಟನೇ ಸುರುಳಿ. ಪೊರೆ ದಾಟುವುದಿಲ್ಲವಾದ್ದರಿಂದ ಏಳರ ಲೆಕ್ಕಕ್ಕೆ ಸೇರಿಲ್ಲ.

6. ಉದ್ದಕ್ಕೆ ಸಾಲಾಗಿರುವ ಇದನ್ನು ಈಗ ಗುಂಡಗೆ ಮಡಚಬೇಕು. ಒಂದು ರಟ್ಟಿನ ಮೇಲೆ 14 ಮಿ.ಮೀ. ಅಗಲದ ವೃತ್ತ ಬರೆದು, ಸುತ್ತ ಆರು ಚುಕ್ಕಿ ಇಡಿ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 1, 2, 4, 5, 6, 7. ಮೂರನೆಯದು ಅಂಚಿನಲ್ಲಿ ಅಲ್ಲ, ಎರಡು ಮತ್ತು ನಾಲ್ಕರ ನಡುವಿನಿಂದ ಒಳಕ್ಕೆ ಸರಿದು ಹೆಚ್ಚುಕಡಿಮೆ ನಡುವೆ ನಿಲ್ಲುತ್ತದೆ. ಉಳಿದವು ಸ್ವಲ್ಪ ಸ್ವಲ್ಪ ವಾಲಿದ್ದರೆ ಇದು ಎದ್ದು ಕಾಣುವಷ್ಟು ವಾಲಿರುತ್ತದೆ. ಪಕ್ಕಪಕ್ಕದ ಸುರುಳಿಗಳ ನಡುವಿನಿಂದ ನಡುವಿಗೆ ಸುಮಾರು 7 ಮಿ.ಮೀ. ಇರಲಿ. ಏಳೂ ಕಂಬಗಳನ್ನು ನೆಟ್ಟಗೆ ನಿಲ್ಲಿಸಬೇಡಿ. ನೆಟ್ಟಗಿದ್ದರೆ ಪಂಜರ ಆಗುತ್ತದೆ, ವಾಲಿದ್ದರೆ ರಿಸೆಪ್ಟರ್ ಆಗುತ್ತದೆ.

7. 1.2 ಮಿ.ಮೀ. ತಂತಿಯಲ್ಲಿ ಒಂದು ಉಂಗುರ ಮಾಡಿ, ಗೊಂಚಲಿನ ಮೇಲ್ಭಾಗಕ್ಕೆ ಹೊರಗಿನಿಂದ ತೊಡಿಸಿ. ಸುರುಳಿ ಮುಟ್ಟುವ ಕಡೆಯೆಲ್ಲ ಕೂದಲೆಳೆ ತಂತಿಯಿಂದ ಬಿಗಿದು ಕಟ್ಟಿ. ಇದೇ ಪೊರೆಯ ಹೊರಮೈ. ಬೇಕಿದ್ದರೆ ಕೆಳಗೂ ಇನ್ನೊಂದು ಉಂಗುರ ಹಾಕಿ. ಆಗ ಗಟ್ಟಿಯೂ ಆಗುತ್ತದೆ, ಎರಡು ಉಂಗುರದ ನಡುವಿನ ಜಾಗವೇ ಪೊರೆ ಅನ್ನೋದು ನೋಡಿದವರಿಗೆ ಗೊತ್ತಾಗುತ್ತದೆ. ನಿಜದಲ್ಲಿ ಪೊರೆಯ ನಡುವಿನ ಕೊಬ್ಬಿನ ಪದರದ ದಪ್ಪ ಸುಮಾರು 30 ಆಂಗ್‌ಸ್ಟ್ರಾಂ. ನಿಮ್ಮ ಅಳತೆಯಲ್ಲಿ ಉಂಗುರಗಳ ಅಂತರ 21-22 ಮಿ.ಮೀ. ಬರುತ್ತದೆ.

8. ಕೊನೆಗೆ ಮಣಿ. ಗೂಡಿನ ಮೇಲಿನ ಮೂರನೇ ಒಂದು ಪಾಲಿನಲ್ಲಿ, 3, 5, 6 ಮತ್ತು 7ರ ನಡುವೆ ಕೂರಿಸಿ. ಕಟ್ಟುವುದು ಮೂರನೇ ಸುರುಳಿಗೆ. ಅಡ್ರಿನಾಲಿನ್ನನ್ನು ನಿಜವಾಗಿ ಹಿಡಿದುಕೊಳ್ಳುವ ಮುಖ್ಯ ಕೊಂಡಿ ಇರುವುದು ಆ ಸುರುಳಿಯ 113ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲದಲ್ಲಿ. ಮಣಿಯನ್ನು ನಾಲ್ಕೂ ಕಡೆಗೆ ಬಿಗಿಯಬೇಡಿ. ಒಂದು ಕಡೆ ಕಟ್ಟಿ, ನಡೆದಾಗ ಸ್ವಲ್ಪ ಅಲ್ಲಾಡಲಿ.

ಮೊದಲ ತುದಿಯ ಬಾಲವನ್ನು ಕೊಂಡಿ ಮಾಡಿ ಸರಕ್ಕೆ ಹಾಕೋಣ ಅನ್ನಿಸುತ್ತದೆ. ಬೇಡ. ಅದು ಒಂದು ಮೂಲೆಯಲ್ಲಿದೆ, ಪದಕ ಸೊಟ್ಟಗೆ ತೂಗುತ್ತದೆ. ಮೇಲಿನ ಉಂಗುರಕ್ಕೆ ಎದುರುಬದುರಾಗಿ ಎರಡು ಕಡೆ ಕೊಂಡಿ ಹಾಕಿ ಅಲ್ಲಿಂದ ತೂಗಿಸಿ.

ಬೆಳ್ಳಿಗೆ ಮೊದಲು ಫೈಲ್

ಬೆಳ್ಳಿಯಲ್ಲಿ ಮಾಡಿಸುವುದಾದರೆ ಊಹೆ ಬೇಕಿಲ್ಲ. ಪರಮಾಣು ಪರಮಾಣುವಿನ ಜಾಗವೂ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿದೆ. 1971ರಲ್ಲಿ ಬೆರಳೆಣಿಕೆಯ ರಚನೆಗಳಿಂದ ಶುರುವಾದ ಈ ಬ್ಯಾಂಕಿನಲ್ಲಿ ಈಗ ಎರಡು ಲಕ್ಷಕ್ಕೂ ಜಾಸ್ತಿ ಇವೆ. ಯಾರು ಬೇಕಾದರೂ ಬಿಟ್ಟಿ ಇಳಿಸಿಕೊಳ್ಳಬಹುದು, ಬಳಸಿ ವ್ಯಾಪಾರವನ್ನೂ ಮಾಡಬಹುದು. ನಮಗೆ ಬೇಕಾದ ಕೋಡ್ 2ಆರ್‌ಎಚ್1.

ತೆರೆಯಲು ಕೈಮೆರಾಎಕ್ಸ್ ಎಂಬ ಸಾಫ್ಟ್‌ವೇರ್ ಚೆನ್ನಾಗಿದೆ, ಸ್ವಂತ ಬಳಕೆಗೆ ಉಚಿತ. ಮಾರಾಟಕ್ಕೆ ಮಾಡುವುದಾದರೆ ಅದಕ್ಕೆ ಲೈಸೆನ್ಸ್ ಬೇಕು. ಆಗ ಮಾಲ್‌ಸ್ಟಾರ್ ಮತ್ತು ಬ್ಲೆಂಡರ್ ಜೋಡಿ ಬಳಸಿ, ಎರಡೂ ಪೂರ್ತಿ ಮುಕ್ತ.

ತೆರೆದ ತಕ್ಷಣ ಗಾಬರಿಯಾಗಬಹುದು. ಏಳು ಸುರುಳಿಯ ಕೆಳಗೆ ಇನ್ನೊಂದು ಪ್ರೋಟೀನು ಅಂಟಿಕೊಂಡಿರುತ್ತದೆ. ಅದು ರಿಸೆಪ್ಟರಿನದಲ್ಲ. ಹೀಗೆ ರಚನೆ ತಿಳಿಯಲು ಪ್ರೋಟೀನು ಹರಳುಗಟ್ಟಬೇಕು. ಬೀಟಾ-2 ಬಳುಕುವ ಪ್ರೋಟೀನು, ಸುಲಭಕ್ಕೆ ಹರಳುಗಟ್ಟುವುದಿಲ್ಲ. ಅದಕ್ಕೇ ವಿಜ್ಞಾನಿಗಳು ಐದು ಮತ್ತು ಆರನೇ ಸುರುಳಿಯ ನಡುವಿನ ಸಡಿಲ ಕುಣಿಕೆಯನ್ನು ತೆಗೆದು, ಅಲ್ಲಿ ಟಿ4 ಲೈಸೊಜೈಮ್ ಎಂಬ ಗಟ್ಟಿ ಪ್ರೋಟೀನನ್ನು ಹೊಲಿದರು. ಒಡವೆಗೆ ಅದು ಬೇಡ. ಅದರ ಅಮೈನೋ ಆಮ್ಲಗಳಿಗೆಲ್ಲ 1000 ದಾಟಿದ ನಂಬರು ಕೊಟ್ಟಿದ್ದಾರೆ. ಆ ನಂಬರುಗಳನ್ನು ಆರಿಸಿ ಅಳಿಸಿಬಿಡಿ. ಸುತ್ತ ಅಂಟಿರುವ ಕೊಲೆಸ್ಟರಾಲ್, ನೀರಿನ ಕಣಗಳನ್ನೂ ತೆಗೆಯಿರಿ. ಗೂಡಿನಲ್ಲಿ ಕೂತಿರುವ ಕ್ಯಾರಜೊಲಾಲ್ ಎಂಬ ಔಷಧಿಯನ್ನು ಮಾತ್ರ ಸದ್ಯಕ್ಕೆ ಬಿಡಿ, ಕಲ್ಲಿನ ಜಾಗ ಗುರುತಿಸಲು ಬೇಕು.

ಲೈಸೊಜೈಮ್ ಹೋದಮೇಲೆ ಇನ್ನೊಂದು ಪೇಚು. ಐದು ಮತ್ತು ಆರರ ನಡುವೆ ಸಂಪರ್ಕವೇ ಇಲ್ಲ. ಪರದೆ ಮೇಲೆ ಏನೂ ಅನ್ನಿಸುವುದಿಲ್ಲ, ಸುರುಳಿಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ಆದರೆ ಹಾಗೇ ಎರಕ ಹೊಯ್ದರೆ ಪದಕ ಎರಡು ತುಂಡಾಗಿ ಕೈಗೆ ಬರುತ್ತದೆ. ಒಂದರಿಂದ ಐದರವರೆಗಿನದು ಒಂದು, ಆರರಿಂದ ಎಂಟರವರೆಗಿನದು ಇನ್ನೊಂದು. ಬ್ಲೆಂಡರಿನಲ್ಲಿ ಒಂದು ಕುಣಿಕೆ ಎಳೆದು ಜೋಡಿಸಿ. ಜೊತೆಗೆ ತಂತಿ ಪದಕದಲ್ಲಿ ಮಾಡಿದಂತೆ ಮೇಲೊಂದು, ಕೆಳಗೊಂದು ತೆಳು ಉಂಗುರ ಸೇರಿಸಿ, ಎಲ್ಲ ಸುರುಳಿಗಳೂ ಅದಕ್ಕೆ ತಾಗಲಿ. ಗಟ್ಟಿತನಕ್ಕೆ ಇಷ್ಟು ಸಾಕು.

ಇನ್ನು ದಪ್ಪ. ಫೈಲನ್ನು 3ಡಿ ಪ್ರಿಂಟಿಗೆ ಕೊಡುವ ಎಸ್‌ಟಿಎಲ್ ರೂಪದಲ್ಲಿ ಉಳಿಸಿದಾಗ ಒಂದು ಆಂಗ್‌ಸ್ಟ್ರಾಂ ಹೋಗಿ ಒಂದು ಮಿ.ಮೀ. ಆಗಿ ಕೂರುತ್ತದೆ. ರಿಸೆಪ್ಟರಿನ ಎತ್ತರ ಹೆಚ್ಚುಕಡಿಮೆ 60 ಮಿ.ಮೀ. ಬರುತ್ತದೆ, ಕೊರಳಿಗೆ ತುಂಬಾ ಆಯಿತು. ಅರ್ಧ ಮಾಡಿ. ಆಗ ಪದಕ 30 ಮಿ.ಮೀ. ಸುರುಳಿಯ ಏರು 2.7 ಮಿ.ಮೀ. ಆದರೆ ಸಾಫ್ಟ್‌ವೇರ್ ಸುರುಳಿಯನ್ನು ತೋರಿಸುವ ಪಟ್ಟಿಯ ದಪ್ಪವೂ ಅರ್ಧ ಆಗುತ್ತದೆ ಅನ್ನೋದು ಮರೆಯಬೇಡಿ. ಕೈಮೆರಾಎಕ್ಸ್ ತಾನಾಗಿ ಕೊಡುವ ಪಟ್ಟಿಯ ದಪ್ಪ 0.4, ಅರ್ಧ ಮಾಡಿದರೆ 0.2 ಮಿ.ಮೀ. ಅದು ಕಾಗದ, ಬೆಳ್ಳಿ ಅಲ್ಲಿಗೆ ಹರಿಯುವುದೇ ಇಲ್ಲ. ಮೊದಲೇ ದಪ್ಪವನ್ನು 2ಕ್ಕೆ ಏರಿಸಿ, ಅರ್ಧ ಮಾಡಿದಾಗ 1 ಮಿ.ಮೀ. ಸಿಗುತ್ತದೆ. 0.8ಕ್ಕಿಂತ ಕೆಳಗೆ ಹೋಗಬೇಡಿ. ಸುತ್ತುಗಳ ನಡುವೆ ಒಂದೂವರೆ ಮಿ.ಮೀ. ಆದರೂ ಸಂದು ಉಳಿಯಬೇಕು, ಇಲ್ಲದಿದ್ದರೆ ಒಳಗೆ ಪಾಲಿಶ್ ಹೋಗದು.

ತೂಕವನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ಸಾಫ್ಟ್‌ವೇರ್ ತೋರಿಸುವ ಘನ ಸೆಂ.ಮೀ.ಯನ್ನು 10.4ರಿಂದ ಗುಣಿಸಿದರೆ 925 ಬೆಳ್ಳಿಯ (ಸಾವಿರಕ್ಕೆ 925 ಪಾಲು ಬೆಳ್ಳಿ) ಗ್ರಾಂ ಸಿಗುತ್ತದೆ. ಅರ್ಧ ಘನ ಸೆಂ.ಮೀ. ಅಂದರೆ 5 ಗ್ರಾಂ ಚಿಲ್ಲರೆ.

ನಗರ್ತಪೇಟೆಯಲ್ಲಿ

ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಗಾಡಿ ತಗೊಂಡು ಹೋಗುವ ಸಾಹಸ ಬೇಡ. ವರಮಹಾಲಕ್ಷ್ಮಿ, ದಸರಾ, ಅಕ್ಷಯ ತೃತೀಯದ ಹಿಂದಿನ ವಾರಗಳಲ್ಲಿ ಹೋದರೆ ನಿಮ್ಮ ಒಂದು ಪದಕಕ್ಕೆ ಯಾರಿಗೂ ಪುರಸೊತ್ತಿರುವುದಿಲ್ಲ.

ಇಲ್ಲಿ ಒಂದು ಒಡವೆ ಹಲವು ಕೈ ದಾಟುತ್ತದೆ. ಫೈಲ್ ಕೊಟ್ಟರೆ ಮೇಣದಂಥ ರೆಸಿನ್‌ನಲ್ಲಿ ಪ್ರಿಂಟ್ ತೆಗೆದುಕೊಡುವವರು ಒಬ್ಬರು, ಅದಕ್ಕೆ ಕ್ಯಾಮ್ ಪೀಸ್ ಅನ್ನುತ್ತಾರೆ. ಕಾಸ್ಟಿಂಗ್ ಮಾಡುವವರು ಇನ್ನೊಬ್ಬರು. ಅರ ಹಾಕಿ, ಬೆಸೆದು, ಕಲ್ಲು ಕೂರಿಸಿ, ಪಾಲಿಶ್ ಕೊಡುವವರು ಬೇರೆ. ಎಲ್ಲವನ್ನೂ ಒಬ್ಬರೇ ಮಾಡಿಸಿಕೊಡುತ್ತೇನೆ ಅಂದರೆ ಒಪ್ಪಿಕೊಳ್ಳಿ. ಸ್ವಲ್ಪ ದುಡ್ಡು ಜಾಸ್ತಿ ಆದರೂ ಓಡಾಟ ತಪ್ಪುತ್ತದೆ. ಹೋಗುವಾಗ ಅದೇ ಫೈಲನ್ನು ಮೂರು ಪಟ್ಟು ದೊಡ್ಡದಾಗಿ ಸಾದಾ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿಸಿಕೊಂಡು ಹೋಗಿ. ಮೊಬೈಲಿನಲ್ಲಿ ತಿರುಗಿಸಿ ತಿರುಗಿಸಿ ತೋರಿಸುವುದಕ್ಕಿಂತ ಅದು ಕೈಯಲ್ಲಿದ್ದರೆ ಕೆಲಸಗಾರರಿಗೆ ಅರ್ಧ ನಿಮಿಷದಲ್ಲಿ ಅರ್ಥವಾಗುತ್ತದೆ.

ಮಾತು ಹೀಗೆ ಬರುತ್ತದೆ, ತಯಾರಾಗಿರಿ:

“ಒಂದು ಸಾಕಾ ಮೇಡಂ? ರಬ್ಬರ್ ಡೈ ಮಾಡಿಟ್ಕೊಂಡ್ರೆ ಎಷ್ಟು ಬೇಕಾದ್ರೂ ತೆಗೀಬಹುದು.”

“ಇದಕ್ಕೆ ಡೈ ಆಗಲ್ಲ ಅಣ್ಣ. ಒಳಗೆಲ್ಲ ಟೊಳ್ಳು. ರಬ್ಬರ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ.”

ನಿಜವೂ ಹೌದು. ಮಾಮೂಲಿ ಪದಕಕ್ಕೆ ರಬ್ಬರ್ ಅಚ್ಚು ಮಾಡಿ, ಮೇಣ ತುಂಬಿ, ಒಂದರ ಹಿಂದೆ ಒಂದು ತೆಗೆಯುತ್ತಾರೆ. ಗೊಂಚಲಿನ ಆಕಾರಕ್ಕೆ ಅದು ನಡೆಯುವುದಿಲ್ಲ. ಹತ್ತು ಪದಕ ಬೇಕೆಂದರೆ ಹತ್ತು ಕ್ಯಾಮ್ ಪೀಸ್ ತೆಗೆಸಬೇಕು. ಅದಕ್ಕೇ ಕೂಲಿಯನ್ನು ಗ್ರಾಂ ಲೆಕ್ಕಕ್ಕಿಂತ ಪೀಸ್ ಲೆಕ್ಕದಲ್ಲಿ ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಬೆಳ್ಳಿಯ ದರ ಆ ದಿನದ್ದು, ಕೂಲಿ ಬೇರೆ, ಜಿಎಸ್‌ಟಿ ಬೇರೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಕ್ಯಾಮ್ ಪೀಸ್ ಬಂದಾಗ ಕಾಸ್ಟಿಂಗಿಗೆ ಕೊಡುವ ಮುಂಚೆ ಒಮ್ಮೆ ನೀವೇ ನೋಡಿ. ಪ್ರಿಂಟ್ ಆಗುವಾಗ ಆಸರೆಗೆ ಹಾಕಿದ ಸಣ್ಣ ಕಡ್ಡಿಗಳ ಮೊಳಕೆ ಗೂಡಿನ ಒಳಗೆ ಉಳಿದಿದ್ದರೆ ಈಗಲೇ ತೆಗೆಸಿ. ರೆಸಿನ್‌ನಲ್ಲಿ ಉಗುರಿನಲ್ಲಿ ಕಿತ್ತು ಬರುವುದು ಬೆಳ್ಳಿ ಆದಮೇಲೆ ಅರಕ್ಕೂ ಬಗ್ಗುವುದಿಲ್ಲ. ಸ್ಕ್ರೂ ಪರೀಕ್ಷೆ ಇಲ್ಲಿ ಇನ್ನೊಮ್ಮೆ ಮಾಡಿ.

ಮುಂದಿನದು ಅವರ ಕೆಲಸ. ಪೀಸನ್ನು ಗಾರೆಯಂಥ ಪುಡಿ ಕಲಸಿದ ದ್ರವದಲ್ಲಿ ಮುಳುಗಿಸಿ ಗಟ್ಟಿ ಮಾಡುತ್ತಾರೆ. ಭಟ್ಟಿಯಲ್ಲಿ ಗಂಟೆಗಟ್ಟಲೆ ಕಾಯಿಸಿದಾಗ ರೆಸಿನ್ ಸುಟ್ಟು ಹೋಗಿ ಅದರ ಜಾಗ ಖಾಲಿಯಾಗುತ್ತದೆ. ಅಲ್ಲಿಗೆ ಕರಗಿದ ಬೆಳ್ಳಿ ಹೊಯ್ಯುತ್ತಾರೆ. ಶುದ್ಧ ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿಯಲ್ಲಿ, ತಾಮ್ರ ಬೆರೆತ 925 ಅದಕ್ಕಿಂತ ಕೆಳಗೇ ಕರಗುತ್ತದೆ. ನೀವು ಹೇಳಬೇಕಾದ್ದು ಒಂದೇ: ಬೆಳ್ಳಿ ಹರಿಯುವ ದಾರಿಯನ್ನು ಸುರುಳಿಗೆ ಕೊಡಬೇಡಿ, ಕೆಳಗಿನ ಉಂಗುರಕ್ಕೆ ಕೊಡಿ. ಆ ದಾರಿಯಲ್ಲಿ ಗಟ್ಟಿಯಾದ ಕಾಂಡವನ್ನು ಕತ್ತರಿಸಿದ ಗುರುತು ಉಂಗುರದ ಮೇಲಾದರೆ ಅರದಿಂದ ಉಜ್ಜಿ ಮುಚ್ಚಬಹುದು. ಸುರುಳಿಯ ಮೇಲಾದರೆ ಒಂದು ಸುತ್ತು ಚಪ್ಪಟೆಯಾಗುತ್ತದೆ.

ಪಾಲಿಶ್‌ಗೆ ಚಕ್ರ ಸಾಲದು, ಹೊರಮೈ ಮಾತ್ರ ಹೊಳೆಯುತ್ತದೆ. ಸಣ್ಣ ಉಕ್ಕಿನ ಸೂಜಿಗಳನ್ನು ಅಯಸ್ಕಾಂತದಿಂದ ಕುಣಿಸುವ ಮ್ಯಾಗ್ನೆಟ್ ಪಾಲಿಶ್ ಮಾಡಿಸಿ, ಅದು ಸಂದುಗಳಿಗೂ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಪೂರ್ತಿ ಹೊಳಪಿಗಿಂತ ಆಕ್ಸಿಡೈಸ್ಡ್ ಚೆಂದ. ಒಳಗೆಲ್ಲ ಕಪ್ಪು, ಹೊರಗಿನ ಅಂಚು ಮಾತ್ರ ಬಿಳುಪು. ಏಳು ಸುರುಳಿಯಲ್ಲಿ ಯಾವುದು ಮುಂದೆ ಯಾವುದು ಹಿಂದೆ ಅನ್ನೋದು ಆಗಲೇ ಕಣ್ಣಿಗೆ ಸಿಗುವುದು. ಪೂರ್ತಿ ಬೆಳ್ಳಗಿದ್ದರೆ ದೂರದಿಂದ ಒಂದು ಉಂಡೆ.

ಕಲ್ಲು ಕೂರಿಸುವುದು ಎಲ್ಲ ಮುಗಿದ ಮೇಲೆ, ಬೆಸುಗೆಯ ಬೆಂಕಿ ಮತ್ತೆ ತಾಗದ ಹಾಗೆ.

ಜೋಡಿ ಓಲೆ ಬೇಕಾದರೆ

ಕನ್ನಡಿ ಬಿಂಬ ಮಾಡುವ ಹಾಗಿಲ್ಲ ಎಂದಮೇಲೆ ಎರಡೂ ಕಿವಿಗೆ ಒಂದೇ ಪೀಸನ್ನು ಎರಡು ಸಲ ತೆಗೆಸಬಹುದು. ಒಂದನ್ನು ಅರ್ಧ ಸುತ್ತು ತಿರುಗಿಸಿ ತೂಗಿಸಿದರೆ ಮುಖಗಳು ಬೇರೆ ಬೇರೆ ಕಂಡು ಸಾಕಷ್ಟು ಸೊಗಸಾಗುತ್ತದೆ. ಆದರೆ ಇದಕ್ಕಿಂತ ಒಳ್ಳೆಯ ಉಪಾಯ ರಿಸೆಪ್ಟರಿನಲ್ಲೇ ಇದೆ.

2ಆರ್‌ಎಚ್1 ಸುಮ್ಮನಿರುವ ರಿಸೆಪ್ಟರು. ಒಳಗಿರುವ ಕ್ಯಾರಜೊಲಾಲ್ ಅದನ್ನು ಏಳದಂತೆ ಹಿಡಿದಿಟ್ಟಿದೆ. ಕೊಬಿಲ್ಕಾ ತಂಡದವರು 2011ರಲ್ಲಿ ಇನ್ನೊಂದು ರಚನೆ ಕೊಟ್ಟರು, ಕೋಡ್ 3ಎಸ್‌ಎನ್6. ಅದರಲ್ಲಿ ರಿಸೆಪ್ಟರು ಎಚ್ಚರವಾಗಿದೆ, ಒಳಗಡೆ ಜಿ ಪ್ರೋಟೀನಿಗೆ ಸುದ್ದಿ ದಾಟಿಸುತ್ತಿದೆ. ಎರಡನ್ನೂ ಮೇಲಿನಿಂದ ನೋಡಿದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕೆಳಗೆ ನೋಡಿ. ಆರನೇ ಸುರುಳಿಯ ಕೆಳತುದಿ 14 ಆಂಗ್‌ಸ್ಟ್ರಾಂ ಹೊರಕ್ಕೆ ಚಾಚಿದೆ. ಓಲೆಯ ಅಳತೆಗೆ 0.35 ಪಟ್ಟು ಇಳಿಸಿದರೆ ಎತ್ತರ 21 ಮಿ.ಮೀ., ಆ ಚಾಚು ಸುಮಾರು 5 ಮಿ.ಮೀ. ಬರಿಗಣ್ಣಿಗೆ ಧಾರಾಳ ಕಾಣುತ್ತದೆ. ಒಂದು ಕಿವಿಯಲ್ಲಿ ಸುಮ್ಮನಿರುವ ರಿಸೆಪ್ಟರು, ಇನ್ನೊಂದರಲ್ಲಿ ಸುದ್ದಿ ಮುಟ್ಟಿದ ರಿಸೆಪ್ಟರು. ಕಲ್ಲಿನ ಬಣ್ಣವನ್ನೂ ಬೇರೆ ಮಾಡಬಹುದು.

3ಎಸ್‌ಎನ್6 ಫೈಲಿನಲ್ಲಿ ಐದು ಎಳೆಗಳಿವೆ. ‘ಆರ್’ ಎಂದು ಗುರುತು ಹಾಕಿದ ಎಳೆ ಮಾತ್ರ ನಮ್ಮದು. ಉಳಿದ ನಾಲ್ಕನ್ನು ಅಳಿಸಿ. ‘ಆರ್’ ಎಳೆಯಲ್ಲೂ 1000 ದಾಟಿದ ನಂಬರಿನ ಲೈಸೊಜೈಮ್ ಇದೆ, ಈ ಸಲ ಮೇಲ್ತುದಿಯಲ್ಲಿ. ಅದನ್ನೂ ತೆಗೆಯಿರಿ. ಐದು ಮತ್ತು ಆರರ ನಡುವಿನ ಕುಣಿಕೆ ಇಲ್ಲೂ ಇಲ್ಲ, ಮೇಲಿನ ದೊಡ್ಡ ಕುಣಿಕೆಯಲ್ಲೂ ಸಣ್ಣ ತುಂಡೊಂದು ಕಾಣೆ. ಎರಡನ್ನೂ ಎಳೆದು ಸೇರಿಸಿ. ಎರಡು ರಚನೆಗಳನ್ನೂ ಒಂದರ ಮೇಲೊಂದು ಕೂರಿಸಿ ಹೊಂದಿಸಿದ ಮೇಲೇ ಉಂಗುರ, ಕೊಂಡಿ ಸೇರಿಸಿ. ಆಗ ಎರಡೂ ಓಲೆ ಒಂದೇ ಮಟ್ಟದಲ್ಲಿ ತೂಗುತ್ತವೆ. ಕೆಳಗಿನ ಉಂಗುರವನ್ನು ಮಾತ್ರ ಎಚ್ಚರದ ಓಲೆಗೆ ಅಂಡಾಕಾರ ಮಾಡಬೇಕಾಗುತ್ತದೆ, ಇಲ್ಲದಿದ್ದರೆ ಆರನೆಯದು ಹೊರಗೇ ಉಳಿಯುತ್ತದೆ.

ಇಷ್ಟು ಸಣ್ಣ ಅಳತೆಯಲ್ಲಿ ಪಟ್ಟಿ ಸುರುಳಿ ಬೇಡ. ಏರು 1.9 ಮಿ.ಮೀ.ಗೆ ಇಳಿಯುತ್ತದೆ, 1 ಮಿ.ಮೀ. ಪಟ್ಟಿ ಹಾಕಿದರೆ ಸಂದಿನಲ್ಲಿ ಕೊಳೆ ಕೂರುತ್ತದೆ. ಸುರುಳಿಗಳನ್ನು ನಯವಾದ 2 ಮಿ.ಮೀ. ಕಡ್ಡಿಗಳಾಗಿ ತೋರಿಸುವ ಆಯ್ಕೆ ಸಾಫ್ಟ್‌ವೇರಿನಲ್ಲೇ ಇದೆ. ಸುತ್ತು ಕಾಣುವುದಿಲ್ಲ ನಿಜ. ಏಳು ಕಡ್ಡಿಗಳ ವಾಲು ಮತ್ತು ಆರನೆಯದರ ಚಾಚು ಹೆಚ್ಚು ಸ್ಪಷ್ಟವಾಗುತ್ತದೆ. ಕಡ್ಡಿಯಾದರೂ ಕನ್ನಡಿ ಬಿಂಬ ಕೂಡದು, ಕ್ರಮ ಉಲ್ಟಾ ಆಗುತ್ತದೆ. ಕ್ಯಾಮ್ ಪ್ರಿಂಟ್ ಮಾಡುವವರಿಗೆ ‘ಮಿರರ್ ಹಾಕ್ಬೇಡಿ’ ಎಂದು ಬಾಯಲ್ಲೂ ಹೇಳಿ, ಚೀಟಿಯಲ್ಲೂ ಬರೆಯಿರಿ. ಓಲೆ ಅಂದ ಕೂಡಲೇ ಅವರ ಕೈ ಆ ಬಟನ್ನಿಗೆ ಹೋಗುತ್ತದೆ.

ಒಂದು ಓಲೆ 5 ಗ್ರಾಂ ಒಳಗಿರಲಿ. ಕಿವಿಗೆ ಹೋಗುವ ಕೊಕ್ಕೆ ಮಾತ್ರ 925 ಬೆಳ್ಳಿಯದೇ ಆಗಿರಲಿ. ಕಡಿಮೆ ಬೆಲೆಗೆ ಜರ್ಮನ್ ಸಿಲ್ವರ್ ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಅದರಲ್ಲಿ ಬೆಳ್ಳಿಯೇ ಇಲ್ಲ. ತಾಮ್ರ, ಸತು ಮತ್ತು ನಿಕ್ಕಲ್. ನಿಕ್ಕಲ್‌ಗೆ ಕಿವಿ ತುರಿಸಿ ಕೀವಾಗುವವರು ಬಹಳ ಜನ.

ಕೊನೆಯ ಕೆಲವು ಮಾತು

ಬೆಳ್ಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ, ಆದರೂ 925 ಗುರುತು ಕೇಳಿ. ಚಿನ್ನದಲ್ಲಿ ಮಾಡಿಸಿದರೆ ಹಾಲ್‌ಮಾರ್ಕ್ ಜೊತೆಗೆ ಆರು ಅಕ್ಷರ-ಅಂಕೆಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ನೋಡಿಕೊಳ್ಳಿ. ಗುರುತು ಒತ್ತಲು ಚಪ್ಪಟೆ ಜಾಗ ಬೇಕಲ್ಲ, ಕೊಂಡಿಯ ಹತ್ತಿರ ಒಂದು ಪುಟ್ಟ ಪಟ್ಟಿಯನ್ನು ಫೈಲಿನಲ್ಲೇ ಸೇರಿಸಿಡಿ.

ಕಪ್ಪಾದರೆ ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ, ಗೀರು ಬೀಳುತ್ತದೆ. ಮೆತ್ತನೆ ಬ್ರಶ್, ಸೋಪಿನ ನೀರು ಸಾಕು. ಪೂರ್ತಿ ಬಿಳಿ ಪಾಲಿಶ್ ಇರುವುದಾದರೆ ಅಲ್ಯೂಮಿನಿಯಂ ಫಾಯಿಲ್ ಹಾಸಿದ ಬಟ್ಟಲಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ ಅದ್ದಿಡಬಹುದು. ಆಕ್ಸಿಡೈಸ್ಡ್ ಪದಕಕ್ಕೆ ಇದು ಬೇಡವೇ ಬೇಡ, ದುಡ್ಡು ಕೊಟ್ಟು ಮಾಡಿಸಿದ ಕಪ್ಪೆಲ್ಲ ಹೋಗುತ್ತದೆ.

ಯಾರಿಗಾದರೂ ಉಡುಗೊರೆ ಕೊಡುವುದಾದರೆ ಡಬ್ಬಿಯೊಳಗೆ ಒಂದು ಚೀಟಿ ಇಡಿ. ರಿಸೆಪ್ಟರಿನ ಹೆಸರು, ಡೇಟಾ ಬ್ಯಾಂಕಿನ ಕೋಡು, ಎಷ್ಟು ಲಕ್ಷ ಪಟ್ಟು ದೊಡ್ಡದು, ಯಾವ ಕಡೆ ಮೇಲೆ. ಅರ್ಧ ಅಳತೆಯ ಪದಕವಾದರೆ 50 ಲಕ್ಷ ಪಟ್ಟು ಅಂತ ಬರೆಯಿರಿ. ಐದು ಮತ್ತು ಆರರ ನಡುವಿನ ಕುಣಿಕೆ ನೀವೇ ಎಳೆದದ್ದು ಎಂಬುದನ್ನೂ ಸೇರಿಸಿ. ಜೀವಶಾಸ್ತ್ರ ಓದಿದವರ ಕೈಗೆ ಹೋದರೆ ಅವರು ಮೊದಲು ಕೇಳುವುದು ಅದನ್ನೇ.